ಕಣದ ಕಾಂಕ್ರೀಟಿಗೆ ತಿಳಿನೀರು ಮತ್ತು ಹಾರುಬೂದಿ

ಒಕ್ಕಣೆಯ ಕಣ, ಕೊಟ್ಟಿಗೆಯ ನೆಲ, ನೀರಿನ ತೊಟ್ಟಿ ಇವುಗಳಿಗೆ ರೈತರು ಕಾಂಕ್ರೀಟು ಬಳಸುತ್ತಾರೆ. ಒಂದೆರಡು ವರ್ಷಗಳಲ್ಲೇ ನೆಲದ ಮೇಲ್ಪದರ ಪುಡಿಯಾಗಿ ಏಳುವುದು, ತೊಟ್ಟಿ ಜಿನುಗುವುದು ಹಲವೆಡೆ ಕಂಡುಬರುತ್ತದೆ. ಆಗ ಸಿಮೆಂಟನ್ನು ದೂರುವುದು ವಾಡಿಕೆ. ಆದರೆ ಅನೇಕ ವೇಳೆ ದೋಷ ಇರುವುದು ಕಲೆಸಿದ ನೀರಿನಲ್ಲಿ.

ನೀರಿನ ಗುಣ: ಕುಡಿಯಲು ಯೋಗ್ಯವಾದ ನೀರು ಕಾಂಕ್ರೀಟಿಗೂ ಯೋಗ್ಯ. ಕೆರೆ ಅಥವಾ ನಾಲೆಯ ಕದಡಿದ ನೀರನ್ನು ಒಂದು ರಾತ್ರಿ ನಿಲ್ಲಿಸಿ, ಮೇಲಿನ ತಿಳಿನೀರನ್ನು ಮಾತ್ರ ಬಳಸಬೇಕು. ಸವುಳು ನೀರಿನ ಉಪ್ಪು ಹೀಗೆ ಹೋಗುವುದಿಲ್ಲ. ಅಂತಹ ಕಡೆ ಮಳೆನೀರನ್ನು ಸಂಗ್ರಹಿಸಿಟ್ಟು ಬಳಸುವುದು ಮೇಲು. ಭಾರತೀಯ ಮಾನಕ 456 (2000) ಪ್ರಕಾರ ಒಂದು ಲೀಟರು ನೀರಿನಲ್ಲಿ ಕ್ಲೋರೈಡು, ಕಂಬಿ ಹಾಕಿದ ಕಾಂಕ್ರೀಟಿಗೆ 500 ಮಿ.ಗ್ರಾಂ., ಕಂಬಿಯಿಲ್ಲದ್ದಕ್ಕೆ 2,000 ಮಿ.ಗ್ರಾಂ. ಮೀರಬಾರದು. ಮೀರಿದರೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆಲೆಮನೆಯ ಪೀಪಾಯಿಯನ್ನು ತೊಳೆಯದೆ ನೀರು ತುಂಬಬಾರದು. 50 ಕಿ.ಗ್ರಾಂ. ಸಿಮೆಂಟಿಗೆ 25 ಗ್ರಾಂ ಸಕ್ಕರೆ ಸೇರಿದರೂ ಅದು ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ.

ನೀರಿನ ಪ್ರಮಾಣ: ನೆಲಕ್ಕೆ ಸಿಮೆಂಟು, ಮರಳು, ಜಲ್ಲಿ 1:2:4 ಮಿಶ್ರಣವಾದರೆ, ಒಂದು ಚೀಲಕ್ಕೆ 25ರಿಂದ 28 ಲೀಟರು ನೀರು ಸಾಕು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ ಮಾಡಬೇಕು. ಹರಡಲು ಸುಲಭವೆಂದು ಹೆಚ್ಚು ಸುರಿದ ನೀರು ಆರಿಹೋದ ಮೇಲೆ ಒಳಗೆ ಸಣ್ಣ ರಂಧ್ರಗಳು ಉಳಿಯುತ್ತವೆ.

ಹಾರುಬೂದಿ: ಕಲ್ಲಿದ್ದಲು ಉರಿಸುವ ಶಕ್ತಿನಗರದಂತಹ ವಿದ್ಯುತ್ ಸ್ಥಾವರಗಳ ತ್ಯಾಜ್ಯವಿದು. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣ ಬಿಡುಗಡೆಯಾಗುತ್ತದೆ. ಬೂದಿಯಲ್ಲಿನ ಸಿಲಿಕಾ ಆ ಸುಣ್ಣದೊಡನೆ ನಿಧಾನವಾಗಿ ಸೇರಿ ರಂಧ್ರಗಳನ್ನು ಮುಚ್ಚುತ್ತದೆ. ಸಾಧಾರಣ ಸಿಮೆಂಟಾದರೆ 40 ಕಿ.ಗ್ರಾಂ. ಸಿಮೆಂಟಿಗೆ 10 ಕಿ.ಗ್ರಾಂ. ಒಣ, ನುಣುಪಾದ ಬೂದಿಯನ್ನು ಮೊದಲೇ ಚೆನ್ನಾಗಿ ಬೆರೆಸಬೇಕು. ಚೀಲದ ಮೇಲೆ ‘ಪೊಜೊಲಾನಾ’ ಅಥವಾ ‘ಪಿ.ಪಿ.ಸಿ.’ ಎಂದಿದ್ದರೆ ಬೂದಿ ಕಾರ್ಖಾನೆಯಲ್ಲೇ ಸೇರಿರುತ್ತದೆ, ಮತ್ತೆ ಬೆರೆಸಬಾರದು. ಒಲೆಯ ಬೂದಿಯಾಗಲಿ, ಅರೆಬೆಂದ ಕಪ್ಪು ಹೊಟ್ಟಿನ ಬೂದಿಯಾಗಲಿ ಇದಕ್ಕೆ ಬದಲಾಗಲಾರದು. ಅದರಲ್ಲಿನ ಇದ್ದಿಲು ನೀರನ್ನು ಹೀರಿ ಬಲವನ್ನು ಕುಂದಿಸುತ್ತದೆ.

ನೀರುಣಿಸುವುದು: ಬೂದಿ ಸೇರಿದ ಕಾಂಕ್ರೀಟು ನಿಧಾನವಾಗಿ ಬಲಗೊಳ್ಳುತ್ತದೆ. ಆದ್ದರಿಂದ ಅದನ್ನು 14 ದಿನ ಒಣಗಗೊಡಬಾರದು. ಕಣದ ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬಹುದು. ಇಲ್ಲವೆ ಒದ್ದೆ ಗೋಣಿತಾಟು ಅಥವಾ ಹುಲ್ಲು ಹೊದಿಸಬಹುದು. ಕಲೆಸುವಾಗ ನೀರನ್ನು ಅಳೆದು ಹಾಕಿ, ಹಾಕಿದ ಮೇಲೆ ಧಾರಾಳವಾಗಿ ಉಣಿಸಿದರೆ, ಕಣವೂ ತೊಟ್ಟಿಯೂ ಬಹುಕಾಲ ಬಾಳುತ್ತವೆ.