ಮದ್ರಾಸಿಗೆ ಹೊರಟ ಹುಡುಗಿಗೆ

ನೋಡವ್ವ, ರಾಯಚೂರಿನಲ್ಲಿ ರೈಲು ಹತ್ತಿದರೆ ಸೀದಾ ಚೆನ್ನೈ. ನಮ್ಮಂಥ ಮುದುಕರಿಗೆ ಅದು ಇನ್ನೂ ಮದ್ರಾಸೇ. ಗ್ರೀಮ್ಸ್ ರಸ್ತೆಯ ಲಲಿತಕಲಾ ಅಕಾಡೆಮಿಯ ಗ್ರಾಫಿಕ್ ಸ್ಟುಡಿಯೊದಲ್ಲಿ ಸ್ವಂತ ಪ್ರೆಸ್ಸಿಲ್ಲದ ಅಚ್ಚುಚಿತ್ರ ಕಲಾವಿದರು ಬಂದು ಕೆಲಸ ಮಾಡುತ್ತಾರೆ. ಜಾಲಹಳ್ಳಿಯಿಂದ ನೀನೂ ಹೊರಟಿದ್ದೀ, ಸಂತೋಷ.

ಹೋದ ದಿನವೇ ನಿನ್ನ ಅಚ್ಚು ಹಿಡಿದು ಪ್ರೆಸ್ಸಿನ ಮುಂದೆ ನಿಲ್ಲಬೇಡ. ಇಂಕು ಮೆತ್ತಿದ ಕೈಯವರು ಕಾಗದ ಮುಟ್ಟುವಂತಿಲ್ಲ, ಪಕ್ಕದಲ್ಲಿ ಇನ್ನೊಬ್ಬರ ಸ್ವಚ್ಛ ಕೈ ಬೇಕೇ ಬೇಕು. ಆ ಕೈ ನಿನ್ನದಾಗಲಿ. ಕಾಗದ ನೆನೆಸಿಕೊಡು, ತೆಗೆದ ಪ್ರತಿ ಒಣಹಾಕು. ಯಾರೂ ಪಾಠ ಮಾಡದೆ ಅರ್ಧ ವಿದ್ಯೆ ಬರುತ್ತದೆ. ಒತ್ತಡದ ತಿರುಪನ್ನು ಕೇಳದೆ ಮುಟ್ಟಬೇಡ. ತೆಳು ತಾಮ್ರದ ತಗಡಿಗೆಂದು ಬಿಗಿ ಮಾಡಿ ಹಾಗೇ ಬಿಟ್ಟರೆ, ಮರುದಿನ ದಪ್ಪ ಮರದಚ್ಚು ತೂರಿಸಿದವರ ಅಚ್ಚು ಸೀಳೀತು, ಮೇಲಿನ ಉಣ್ಣೆ ಹಾಸೂ ಹರಿದೀತು. ಆ್ಯಸಿಡ್ ಬೆರೆಸುವಾಗ ನೀರಿಗೆ ಆ್ಯಸಿಡ್ ಹಾಕು, ಆ್ಯಸಿಡ್ಡಿಗೆ ನೀರು ಹಾಕಬೇಡ. ಜಡೆ, ದುಪ್ಪಟ್ಟಾ ಬಿಗಿದು ಕಟ್ಟಿಕೋ.

ಏಳುವ ಮುಂಚೆ ಇಂಕಿನ ಗಾಜು ಒರೆಸು. ನಾನು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲಕ್ಕೆ, ಅಚ್ಚಾದ ಪುಟ ಬಿಚ್ಚಿ ಮೊಳೆಗಳನ್ನು ತಿರುಗಿ ಅವುಗಳ ಖಾನೆಗೆ ಹಾಕುವುದೆಂದರೆ ಎಲ್ಲರಿಗೂ ಬೇಸರ. ಕನ್ನಡಕ್ಕೆ ಒತ್ತಕ್ಷರದ ಖಾನೆಗಳೇ ರಾಶಿ. ಒಬ್ಬ ಅವಸರ ಮಾಡಿದರೆ ಮುಂದಿನವನು ದಿನವಿಡೀ ತಡಕಾಡಬೇಕು. ಹತ್ತು ಜನರ ಜಾಗದಲ್ಲಿ ಒಳ್ಳೆಯ ಕೆಲಸಗಾರ ಯಾರೆಂದು ಗೊತ್ತಾಗುವುದು ಅವನು ಎದ್ದುಹೋದ ಮೇಲೆ.

ಕಲ್ಲಚ್ಚು ಕಲಿಸುವವರು ಸಿಕ್ಕರೆ ಬಿಡಬೇಡ. ಜಿಡ್ಡಿನ ಮಸಿಯಲ್ಲಿ ಕಲ್ಲಿನ ಮೇಲೆ ಬರೆದು, ಕಲ್ಲನ್ನು ಹದ ಮಾಡಿ, ನೀರು ಸವರಿ ಇಂಕು ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. 1843ರ ಜುಲೈ 1ರಂದು ಪಾದ್ರಿ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಹೀಗೇ ಕಲ್ಲಿನಿಂದ ಎದ್ದದ್ದು. ಮರುವರ್ಷ ಮೊಳೆಯಚ್ಚಿಗಾಗಿ ಅದು ನಮ್ಮ ಕಡೆಯ ಬಳ್ಳಾರಿಗೇ ಬಂದು ‘ಕನ್ನಡ ಸಮಾಚಾರ’ವಾಯಿತು.

ಇನ್ನು ನಿನ್ನ ಪುಸ್ತಕ. ಅಜ್ಜಿ ಹಾಡುವ ತತ್ವಪದಗಳಿಗೆ ಚಿತ್ರ ಕೆತ್ತಿ ನೀನೇ ಪ್ರಕಟಿಸುತ್ತೇನೆ ಅಂತೀ. ಹಾಡಿದವಳ ಹೆಸರು ನಿನ್ನ ಹೆಸರಿಗಿಂತ ಮೇಲಿರಲಿ. ಸಾವಿರ ಪ್ರತಿ ಹಾಕಿದರೆ ಅಗ್ಗ ಎನ್ನುವವರ ಮಾತು ಕೇಳಬೇಡ. ಉಳಿದ ಕಟ್ಟುಗಳಿಗೆ ಮನೆಯಲ್ಲಿ ಗೆದ್ದಲೇ ಗಿರಾಕಿ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರ ಮೇಲೆ. ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು ಅವರ ಅಟ್ಟದ ಮೇಲಿನ ಕಚೇರಿಯಿಂದಲೇ. ನೀನೂ ಮೊದಲು ಜಾಲಹಳ್ಳಿ, ದೇವದುರ್ಗ, ಗಬ್ಬೂರಿನಲ್ಲಿ ಭಜನೆಯವರ ಹತ್ತಿರ ಹೋಗು, ಹೆಸರು ಬರೆದುಕೋ, ಮುಂಗಡ ತಗೋ. ಅಷ್ಟೇ ಪ್ರತಿ ಹಾಕು, ಮೇಲೊಂದಿಪ್ಪತ್ತು ಇರಲಿ. ಚಿತ್ರ ಬಿಡಿಯಾಗಿ ಮಾರುವುದಾದರೆ ಎಷ್ಟರಲ್ಲಿ ಎಷ್ಟನೆಯದೆಂದು ಪೆನ್ಸಿಲ್ಲಿನಲ್ಲಿ ಬರೆ, ಸುಳ್ಳು ಲೆಕ್ಕ ಬೇಡ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಕೊಡಿಸುತ್ತೇನೆಂದು ದುಡ್ಡು ಕೇಳುವವರಿದ್ದಾರೆ, ಕೊಡಬೇಡ. ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಬೇಕು, ಮುಂಬೈ, ದೆಹಲಿ, ಚೆನ್ನೈಗೂ ಒಂದೊಂದು. ಚೆನ್ನೈಯದು ಎಗ್ಮೋರಿನ ಕನ್ನೆಮಾರಾ ಗ್ರಂಥಾಲಯಕ್ಕೆ, ನಿನ್ನ ಸ್ಟುಡಿಯೊದಿಂದ ದೂರವಿಲ್ಲ. ಅದನ್ನು ಅಂಚೆಗೆ ಹಾಕಬೇಡ, ಹೋಗಿ ಕೈಯಾರೆ ಕೊಟ್ಟು ರಸೀದಿ ಇಸ್ಕೊಂಡು ಬಾ.