ಬಸ್ಸಲ್ಲಿ ಬಂದ್ರಾ?

ಮಗು,

ಹೋದ ತಿಂಗಳು ನಾಗರಬಾವಿಯ ಛತ್ರದಲ್ಲಿ ನಿನ್ನ ಅತ್ತೆಯ ಮಗಳ ಮದುವೆ. ಬಾಗಿಲಲ್ಲೇ ಬೀಗರೊಬ್ಬರು ಸಿಕ್ಕಿ, "ಹೇಗೆ ಬಂದ್ರಿ ಯಜಮಾನ್ರೇ?" ಎಂದರು. ಬಸ್ಸಲ್ಲಿ ಎಂದೆ. "ಅಯ್ಯೋ, ಬಸ್ಸಲ್ಲಿ ಬಂದ್ರಾ? ಒಂದು ಫೋನ್ ಮಾಡಿದ್ರೆ ಕಾರು ಕಳಿಸ್ತಿದ್ವಲ್ಲ!" ಎಂದು ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಅಂದದ್ದು. ಆದರೆ ನನ್ನ ಪಕ್ಕದಲ್ಲಿದ್ದ ನೀನು ತಲೆ ತಗ್ಗಿಸಿದೆ. ಮರುದಿನವೇ ಕಾರಿನ ಮಾತು ತೆಗೆದೆ. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ಸಾಲ ಏಳು ವರ್ಷದ್ದು.

ಕಂತಿನ ಲೆಕ್ಕ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಅದರ ಗೊಡವೆಗೆ ನಾನು ಬರುವುದಿಲ್ಲ. ನನ್ನ ಮನಸ್ಸಿಗೆ ಚುಚ್ಚಿದ್ದು ನೀನು ತಲೆ ತಗ್ಗಿಸಿದ್ದು.

ನಾನು 1973ರಲ್ಲಿ ಕೆಲಸಕ್ಕೆ ಸೇರಿದಾಗ ಹನುಮಂತನಗರದಿಂದ ಏಳೂ ಐವತ್ತಕ್ಕೆ ಒಂದು ಸಿಟಿ ಬಸ್ಸು ಹೊರಡುತ್ತಿತ್ತು. ನಮ್ಮ ಮೇಲಧಿಕಾರಿಯೂ ಅದರಲ್ಲೇ ಬರುತ್ತಿದ್ದರು, ಅವರ ಫೈಲು ಹೊರುವ ಜವಾನನೂ ಅದರಲ್ಲೇ. ಕಂಡಕ್ಟರ್ "ಹೋಲ್ಡಾನ್" ಎಂದರೆ ಇಬ್ಬರಿಗೂ ಬಸ್ಸು ನಿಲ್ಲುತ್ತಿತ್ತು, "ರೈಟ್" ಎಂದರೆ ಇಬ್ಬರನ್ನೂ ಹೊತ್ತು ಹೊರಡುತ್ತಿತ್ತು. ಒಮ್ಮೆ ನಾಲ್ಕು ದಿನ ಆ ಬಸ್ಸು ಬರಲೇ ಇಲ್ಲ. ಐದನೆಯ ದಿನ ಮೇಲಧಿಕಾರಿ ಕಚೇರಿಗೆ ಬರುವ ಬದಲು ನೇರ ಡಿಪೋಗೆ ಹೋಗಿ ಕೂತರು. ಆರನೆಯ ದಿನ ಏಳೂ ಐವತ್ತಕ್ಕೆ ಬಸ್ಸು ಬಂತು. ಜವಾನ ಹೋಗಿ ಕೂತಿದ್ದರೆ ಬರುತ್ತಿತ್ತೋ ಇಲ್ಲವೋ, ನೀನೇ ಹೇಳು.

ಆಮೇಲೆ ಅವರು ಸ್ಕೂಟರ್ ಕೊಂಡರು. ಬಡ್ತಿ ಸಿಕ್ಕಂತೆಲ್ಲ ನಾವೆಲ್ಲರೂ ಕೊಂಡೆವು, ನಾನೂ ಕೊಂಡೆ. ಹೀಗೆ ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದುಹೋದವರು ಯಾರೆಂದರೆ, ಕೇಳಿದರೆ ಮೇಲಿನವರ ಕಿವಿಗೆ ಬೀಳುವಂಥ ಜನ. ಉಳಿದವರು ಕಾಯುವುದನ್ನು ಕಲಿತರು. ಬಸ್ಸು ಬಡವರದ್ದು ಎಂಬ ಮಾತು ಹುಟ್ಟಿದ್ದು ಹಾಗೆ. ಅದರಲ್ಲಿ ನನ್ನ ಪಾಲೂ ಇದೆ. ಇವತ್ತು ಈ ಊರಲ್ಲಿ ಒಂದು ಕೋಟಿಗೂ ಮೀರಿ ವಾಹನಗಳಿವೆ. ಬಿಎಂಟಿಸಿ ಬಸ್ಸುಗಳು ಕೆಲವೇ ಸಾವಿರ. ಅರವತ್ತು ಜನರನ್ನು ಹೊತ್ತ ಬಸ್ಸು ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ನಿಂತಿರುತ್ತದೆ. ಬಸ್ಸು ಹಿಡಿಯುವ ಜಾಗ ಎರಡು ಮೂರು ಕಾರಿನಷ್ಟು, ಅಷ್ಟೇ.

2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟಿದ್ದರು. ಸಿಲ್ಕ್ ಬೋರ್ಡಿನ ಕಡೆಯಿಂದ ನಾನು ಅದರಲ್ಲಿ ಹೋಗಿದ್ದೇನೆ. ಪಕ್ಕದಲ್ಲಿ ಕಾರುಗಳ ಸಾಲು ನಿಂತೇ ಇತ್ತು, ನಮ್ಮ ಬಸ್ಸು ಮುಂದೆ ಸಾಗಿತು. ಬಸ್ಸಿನಲ್ಲಿದ್ದವರ ಮುಖ ನೋಡಬೇಕಿತ್ತು ನೀನು! ಮುಂದೆ ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಅದು ಬೇಕು ಎಂದು ಹಟ ಹಿಡಿಯುವವರು ಸಾಕಷ್ಟಿರಲಿಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ಇನ್ನೊಂದು ಮಾತು ನಿನ್ನ ಬಾಯಲ್ಲೇ ಕೇಳಿದ್ದೇನೆ: "ಬಿಟ್ಟಿ ಬಸ್ಸು." 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಹೆಂಗಸರೇ ತುಂಬಿರುತ್ತಾರೆ ಎಂದು ಗೊಣಗಿದೆಯಲ್ಲ. ನಮ್ಮ ಮನೆಗೆಲಸಕ್ಕೆ ಬರುವವಳನ್ನು ಕೇಳು. ಮೊದಲು ನಡೆದು ಹೋಗುವಷ್ಟು ದೂರದ ಮನೆಗಳಲ್ಲಷ್ಟೇ ಕೆಲಸ ಹಿಡಿಯುತ್ತಿದ್ದಳು. ಈಗ ಜಯನಗರದಲ್ಲಿ ಎರಡು ಮನೆ, ಸಂಬಳವೂ ಹೆಚ್ಚು. ಅವಳ ದುಡಿಮೆಯ ದಾರಿಯನ್ನು ಬಿಟ್ಟಿ ಅನ್ನಬೇಡಪ್ಪ. ಆ ಮಾತು ನಿನಗೆ ಶೋಭೆಯಲ್ಲ.

ನಿನ್ನ ಕಷ್ಟ ನನಗೆ ತಿಳಿಯದ್ದಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಎಷ್ಟೋ ಕಡೆ ನಿಲ್ದಾಣದಿಂದ ಆಚೆಗೆ ಫುಟ್‌ಪಾತೇ ಇಲ್ಲ. ರಾತ್ರಿ ಹತ್ತರ ನಂತರ ಒಂಟಿ ಹುಡುಗಿ ಬಸ್‌ಸ್ಟಾಪಿನಲ್ಲಿ ಕಾಯಬೇಕಾದರೆ ಅವಳಿಗೆ ನಾನು ಈ ಉಪದೇಶ ಹೇಳಲಾರೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಕಾರೇ ಬೇಕು. ಅಂಥ ದಿನಕ್ಕೆ ಬಾಡಿಗೆ ಕಾರು ಇದ್ದೇ ಇದೆ.

ಆದರೆ ನಿನ್ನ ದಾರಿ ಅಂಥದ್ದಲ್ಲ. ಕತ್ರಿಗುಪ್ಪೆಯಿಂದ ಬನಶಂಕರಿಗೆ ಬಸ್ಸು. ಅಲ್ಲಿ ಮೆಟ್ರೊದ ಹಸಿರು ಮಾರ್ಗ ಹತ್ತಿದರೆ ಮುಂದಿನ ನಿಲ್ದಾಣವೇ ಆರ್‌.ವಿ. ರಸ್ತೆ. ಅಲ್ಲಿಂದ ಹಳದಿ ಮಾರ್ಗ ಎಲೆಕ್ಟ್ರಾನಿಕ್ಸ್ ಸಿಟಿಗೇ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಅದು ಶುರುವಾದಾಗ 25 ನಿಮಿಷಕ್ಕೊಂದು ರೈಲು. ಹೊಸ ರೈಲುಗಳು ಸೇರಿದ ಮೇಲೆ ಆ ಕಾಯುವಿಕೆ ಕಡಿಮೆಯಾಗಿದೆ. ಸಿಲ್ಕ್ ಬೋರ್ಡಿನ ಮೇಲೆ ರೈಲು ಸಾಗುವಾಗ ಒಮ್ಮೆ ಕಿಟಕಿಯಿಂದ ಕೆಳಗೆ ನೋಡು. ನೀನು ಏಳು ವರ್ಷದ ಸಾಲ ಮಾಡಿ ಸೇರಬೇಕೆಂದಿರುವ ಸಾಲು ಅಲ್ಲಿ ಕಾಣುತ್ತದೆ.

ಆರು ತಿಂಗಳು ಹೀಗೆ ಓಡಾಡು, ಸಾಕು. ಬಸ್ಸು ಬರದ ದಿನ ಸುಮ್ಮನಿರಬೇಡ, ದೂರು ಬರೆ. ನಿನಗೆ ಓದು ಇದೆ, ಇಂಗ್ಲಿಷ್ ಇದೆ, ಕೈಯಲ್ಲಿ ಫೋನ್ ಇದೆ. ನಿನ್ನ ಜೊತೆ ಕಾಯುತ್ತಿರುವ ಗಾರ್ಮೆಂಟ್ಸ್ ಹುಡುಗಿಗೆ ದೂರು ಬರೆಯುತ್ತ ನಿಲ್ಲುವ ಪುರುಸೊತ್ತಿಲ್ಲ. ಹಾಗೆ ಬರೆದ ಕಾಗದಕ್ಕೆ ಬೇಕಾದರೆ ನನ್ನ ಸಹಿಯನ್ನೂ ಹಾಕಿಸು. ಆರು ತಿಂಗಳ ಮೇಲೂ ಕಾರು ಬೇಕೆನಿಸಿದರೆ ಕೊಳ್ಳು, ಪೂಜೆಯ ನಿಂಬೆಹಣ್ಣು ನಾನೇ ತರುತ್ತೇನೆ.

ಸೋಮವಾರ ಏಳೂವರೆಗೆ ಗೇಟಿನ ಬಳಿ ಬಂದಿರುತ್ತೇನೆ. ಮೊದಲ ದಿನ ಆರ್‌.ವಿ. ರಸ್ತೆಯವರೆಗೆ ಜೊತೆಗೆ ಬರುವ ಆಸೆ ನನಗೆ. ಬಸ್ಸಿಗೆ ಚಿಲ್ಲರೆ ನನ್ನ ಹತ್ತಿರ ಇದೆ.

ನಿನ್ನ ತಾತ