ಪದಕ, ಪ್ರಶಸ್ತಿಪತ್ರ ಮತ್ತು ಕಾಲೇಜಿನ ಬಾಗಿಲು

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಬಹುಮಂದಿ ತಿಂಗಳ ಸಂಬಳವನ್ನು ನೆಚ್ಚಿದವರು. ಬಾಡಿಗೆ ಅಥವಾ ಮನೆಸಾಲದ ಕಂತು, ರೈಲಿನ ಪಾಸು, ದಿನಸಿ, ಊರಿಗೆ ಕಳುಹಿಸುವ ಹಣ, ಇವೆಲ್ಲ ಕಳೆದು ಉಳಿದುದರಲ್ಲಿ ಮಕ್ಕಳ ಓದು ಸಾಗಬೇಕು. ಆ ಉಳಿಕೆಯ ಮೇಲೆ ಈಚೆಗೆ ಹೊಸದೊಂದು ಹೊರೆ ಬಿದ್ದಿದೆ. ಶಾಲೆಯಿಂದ ಮಗು ಒಂದು ಚೀಟಿ ತರುತ್ತದೆ: ಇಂತಹ ಒಲಿಂಪಿಯಾಡ್ ಪರೀಕ್ಷೆಗೆ ಇಷ್ಟು ರೂಪಾಯಿ ಕಟ್ಟಬೇಕು. ಸ್ಟೇಷನ್ ಬಳಿಯ ಕ್ಲಾಸಿನವರು ಹೇಳುತ್ತಾರೆ: ಆರನೆಯ ತರಗತಿಯಿಂದಲೇ ಪ್ರಶಸ್ತಿಪತ್ರಗಳನ್ನು ಕೂಡಿಸಿಟ್ಟರೆ ಮುಂದೆ ದೊಡ್ಡ ಕಾಲೇಜು ಸುಲಭ. ಇನ್ನು ಕೆಲವರು ಒಂಬತ್ತನೆಯ ತರಗತಿಯ ಹುಡುಗನ ಹೆಸರಿನಲ್ಲಿ ‘ಸಂಶೋಧನಾ ಪ್ರಬಂಧ’ ಅಚ್ಚು ಹಾಕಿಸಿಕೊಡುವೆವೆಂದು ಜಾಹೀರಾತು ಕೊಡುತ್ತಾರೆ. ಇದರಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಮೇಲು. ಈ ಪಾಠದಲ್ಲಿ ನಾವು ಅದನ್ನೇ ವಿಚಾರಿಸೋಣ.

ಅಂಕವನ್ನಷ್ಟೇ ನೋಡುವ ಬಾಗಿಲುಗಳು

ಮೊದಲು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತಟ್ಟುವ ಬಾಗಿಲುಗಳನ್ನು ನೋಡೋಣ. ಹನ್ನೊಂದನೆಯ ತರಗತಿಯ ಪ್ರವೇಶ ಹತ್ತನೆಯ ತರಗತಿಯ ಅಂಕಗಳ ಮೇಲೆ ನಡೆಯುತ್ತದೆ. ಮಹಾರಾಷ್ಟ್ರದ ಎಸ್.ಎಸ್.ಸಿ. ಮಂಡಳಿಯು ಸರಕಾರಿ ಚಿತ್ರಕಲಾ ಪರೀಕ್ಷೆಗೂ ಆಟೋಟಗಳಿಗೂ ನಿಯಮದಂತೆ ಕೆಲವು ಹೆಚ್ಚಿನ ಅಂಕಗಳನ್ನು ಕೊಡುವುದುಂಟು. ಖಾಸಗಿ ಒಲಿಂಪಿಯಾಡಿನ ಪ್ರಶಸ್ತಿಪತ್ರಕ್ಕೆ ಅಂತಹ ಅಂಕವಿಲ್ಲ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆ ಮುಖ್ಯವಾಗಿ ಎಂ.ಎಚ್.ಟಿ.-ಸಿ.ಇ.ಟಿ. ಐ.ಐ.ಟಿ.ಗೆ ಎರಡು ಮೆಟ್ಟಿಲು: ೧೦ ಲಕ್ಷಕ್ಕೂ ಮಿಕ್ಕ ಅಭ್ಯರ್ಥಿಗಳು ಕೂರುವ ಜೆ.ಇ.ಇ. ಮೇನ್; ಅದರಲ್ಲಿ ಮೇಲಿನ ಸುಮಾರು ೨,೫೦,೦೦೦ ಮಂದಿಗೆ ಅವಕಾಶವಿರುವ ಜೆ.ಇ.ಇ. ಅಡ್ವಾನ್ಸ್ಡ್. ಎಲ್ಲ ಐ.ಐ.ಟಿ.ಗಳ ಸೀಟುಗಳು ಸೇರಿ ಸುಮಾರು ೧೮,೦೦೦.

ಈ ಪರೀಕ್ಷೆಗಳಲ್ಲಿ ರ್‍ಯಾಂಕ್ ಕಟ್ಟುವಾಗ ಪದಕಕ್ಕೆ ಒಂದು ಅಂಕವೂ ಸೇರುವುದಿಲ್ಲ. ಪ್ರಬಂಧ ಅಚ್ಚಾಗಿದೆಯೆಂದು ಯಾರೂ ಕೇಳುವುದಿಲ್ಲ. ಪೊವಾಯಿಯ ಐ.ಐ.ಟಿ.ಯಲ್ಲಿ ಬಿ.ಟೆಕ್. ಓದಬೇಕೆಂಬ ಕಲ್ಯಾಣದ ಹುಡುಗನಿಗೆ ಗೋಡೆ ತುಂಬ ಪ್ರಶಸ್ತಿಪತ್ರಗಳಿದ್ದರೂ ರ್‍ಯಾಂಕ್ ಇಲ್ಲದಿದ್ದರೆ ಸೀಟಿಲ್ಲ. ರ್‍ಯಾಂಕ್ ಇದ್ದರೆ ಪ್ರಶಸ್ತಿಪತ್ರಗಳ ಅಗತ್ಯವಿಲ್ಲ. ಮೊದಲು ಗಟ್ಟಿಯಾಗಿ ನೆನಪಿಡತಕ್ಕ ಮಾತು ಇದು.

ಒಲಿಂಪಿಯಾಡ್: ಹೆಸರು ಒಂದು, ವಸ್ತು ಎರಡು

ಒಲಿಂಪಿಯಾಡ್ ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ. ಖಾಸಗಿ ಸಂಸ್ಥೆಗಳು ಶಾಲೆಶಾಲೆಗಳಲ್ಲಿ ನಡೆಸುವ ಪರೀಕ್ಷೆಗಳು ಒಂದು ಬಗೆ. ಮಗುವಿಗೆ ಅಭ್ಯಾಸವಾಗಬಹುದು, ಉತ್ಸಾಹ ಬರಬಹುದು. ಆದರೆ ದೇಶದ ತಂಡದ ಆಯ್ಕೆಗೂ ಅವುಗಳಿಗೂ ಸಂಬಂಧವಿಲ್ಲ.

ದೇಶದ ತಂಡವನ್ನು ಆರಿಸುವ ಪರೀಕ್ಷೆಗಳು ಇನ್ನೊಂದು ಬಗೆ. ಇವುಗಳ ಕೇಂದ್ರ ನಮ್ಮಿಂದ ದೂರವಿಲ್ಲ. ಮಾನಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೇ ಅದು. ವಾಶಿಯವರಿಗೆ ಖಾಡಿ ದಾಟಿದರೆ ಮುಂದಿನ ಸ್ಟೇಷನ್. ಡೊಂಬಿವಲಿಯವರು ಕುರ್ಲಾದಲ್ಲಿ ಹಾರ್ಬರ್ ಗಾಡಿಗೆ ಬದಲಾಯಿಸಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ ೧೯೭೪ರಲ್ಲಿ ಸ್ಥಾಪಿತವಾದ ಈ ಕೇಂದ್ರವು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರ, ಕಿರಿಯರ ವಿಜ್ಞಾನ ಎಂಬ ಆರು ಒಲಿಂಪಿಯಾಡುಗಳನ್ನು ನೋಡಿಕೊಳ್ಳುತ್ತದೆ. ವಿಜ್ಞಾನ ವಿಷಯಗಳ ಮೊದಲ ಸುತ್ತನ್ನು ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘವೂ ಗಣಿತದ ಮೊದಲ ಸುತ್ತನ್ನು ಗಣಿತ ಶಿಕ್ಷಕರ ಸಂಘವೂ ನಡೆಸುತ್ತವೆ. ಶುಲ್ಕ ಕೆಲವು ನೂರು ರೂಪಾಯಿಗಳು ಮಾತ್ರ. ಮುಂದೆ ರಾಷ್ಟ್ರೀಯ ಸುತ್ತು, ಬಳಿಕ ಶಿಬಿರ, ಕೊನೆಗೆ ತಂಡ.

ಎಷ್ಟು ಮಂದಿ ತಂಡ ಸೇರುತ್ತಾರೆ? ಗಣಿತಕ್ಕೆ ೬, ಭೌತಕ್ಕೆ ೫, ರಸಾಯನಕ್ಕೆ ೪, ಜೀವಶಾಸ್ತ್ರಕ್ಕೆ ೪, ಖಗೋಳಕ್ಕೆ ೫, ಕಿರಿಯರ ವಿಜ್ಞಾನಕ್ಕೆ ೬. ಒಟ್ಟು ೩೦ ಮಂದಿ, ಇಡೀ ಭಾರತಕ್ಕೆ. ಆದಕಾರಣ ಪದಕವನ್ನೇ ಗುರಿಯಾಗಿಟ್ಟುಕೊಂಡು ಮನೆಯ ಲೆಕ್ಕ ಹಾಕುವುದು ಲಾಟರಿ ಚೀಟಿಯನ್ನು ನಂಬಿ ಸಾಲ ಮಾಡಿದಂತೆಯೇ ಸರಿ.

ಪದಕಕ್ಕೆ ತೆರೆಯುವ ಬಾಗಿಲುಗಳು

ಆದರೂ ಈ ಎರಡನೆಯ ಬಗೆಯ ಒಲಿಂಪಿಯಾಡಿಗೆ ಬೆಲೆ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿಯೇ ಇವೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ರಾಷ್ಟ್ರೀಯ ಒಲಿಂಪಿಯಾಡುಗಳಲ್ಲಿ ಮೇಲೆ ಬಂದವರನ್ನು ಪ್ರವೇಶಪರೀಕ್ಷೆಯಿಲ್ಲದೆ ಸೇರಿಸಿಕೊಂಡಿದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಪುರಸ್ಕೃತರನ್ನು ಲಿಖಿತ ಪರೀಕ್ಷೆ ಬಿಟ್ಟು ನೇರವಾಗಿ ಸಂದರ್ಶನಕ್ಕೆ ಕರೆದಿದೆ. ಹೈದರಾಬಾದಿನ ಐ.ಐ.ಐ.ಟಿ.ಯಲ್ಲಿ ಇವರಿಗೆ ಬೇರೆ ದಾರಿಯಿದೆ. ೨೦೨೫ರ ಪ್ರವೇಶದಿಂದ ಕಾನ್ಪುರ ಮತ್ತು ಮದ್ರಾಸಿನ ಐ.ಐ.ಟಿ.ಗಳೂ ಇಂತಹವರಿಗೆ ಸ್ವಲ್ಪ ಸೀಟುಗಳ ಪ್ರತ್ಯೇಕ ಮಾರ್ಗ ತೆರೆದವು. ನಿಯಮಗಳು ಒಂದೊಂದು ಕಡೆ ಒಂದೊಂದು. ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

೨೦೧೬ರಲ್ಲಿ ಪತ್ರಿಕೆಗಳಲ್ಲಿ ಬಂದ ಮುಂಬಯಿಯದೇ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಯುಕ್ತ. ಶಾಲೆ ಬಿಟ್ಟು ಮನೆಯಲ್ಲೇ ಓದಿದ ಒಬ್ಬ ವಿದ್ಯಾರ್ಥಿನಿಗೆ ಹತ್ತು, ಹನ್ನೆರಡನೆಯ ತರಗತಿಗಳ ಪ್ರಮಾಣಪತ್ರವಿರಲಿಲ್ಲ. ಆದರೆ ಅಂತರರಾಷ್ಟ್ರೀಯ ಕಂಪ್ಯೂಟರ್ ಒಲಿಂಪಿಯಾಡಿನಲ್ಲಿ ಎರಡು ಬೆಳ್ಳಿ, ಒಂದು ಕಂಚು ಗಳಿಸಿದ್ದಳು. ಹನ್ನೆರಡನೆಯದು ಆಗಿಲ್ಲದ ಕಾರಣ ಐ.ಐ.ಟಿ.ಯ ಬಾಗಿಲು ಆಕೆಗೆ ತೆರೆಯುವಂತಿರಲಿಲ್ಲ. ಚೆನ್ನೈಯ ಸಂಸ್ಥೆ ಆಕೆಯನ್ನು ಸೇರಿಸಿಕೊಂಡಿತು. ಬಳಿಕ ಅಮೆರಿಕದ ಎಂ.ಐ.ಟಿ.ಯೂ ವಿದ್ಯಾರ್ಥಿವೇತನದೊಡನೆ ಕರೆಯಿತು. ಒಂದೇ ಪದಕಕ್ಕೆ ಒಂದು ಕಡೆ ಬೆಲೆಯಿದೆ, ಇನ್ನೊಂದು ಕಡೆ ಇಲ್ಲ. ಯಾವ ಬಾಗಿಲು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ. ಇಂತಹ ಓದಿಗೆ ಮಗ ಮಾತ್ರ ತಕ್ಕವನೆಂದು ಎಣಿಸುವ ಮನೆಗಳೂ ಈ ಸಂಗತಿಯನ್ನು ಗಮನಿಸಲಿ.

‘ಸಂಶೋಧನೆ’ಯ ವಿಚಾರ

ಹುಡುಗರ ಸಂಶೋಧನೆಗೆ ಪ್ರವೇಶದಲ್ಲಿ ಬೆಲೆಯಿರುವುದು ಮುಖ್ಯವಾಗಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ. ಅಲ್ಲಿ ಅಂಕ, ಅಧ್ಯಾಪಕರ ಪತ್ರ, ಸ್ವಂತ ಬರಹ, ಶಾಲೆಯಾಚೆಯ ಕೆಲಸ ಎಲ್ಲವನ್ನೂ ಒಟ್ಟಿಗೆ ಓದುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವಿಷಯಜ್ಞಾನಕ್ಕೆ ಪ್ರಾಶಸ್ತ್ಯ. ಬಹಳಷ್ಟು ವಿಷಯಗಳಿಗೆ ಪ್ರವೇಶಪರೀಕ್ಷೆಯೂ ಸಂದರ್ಶನವೂ ಇರುತ್ತವೆ. ಎಲ್ಲಿಯೇ ಆಗಲಿ, ಹಣಕ್ಕೆ ಅಚ್ಚಾದ ಪ್ರಬಂಧವನ್ನು ಬರೆದವನು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಲಾರದೆ ಹೋದರೆ ಅದು ಅವನಿಗೆ ಭೂಷಣವಾಗುವುದಿಲ್ಲ. ಶುಲ್ಕ ತೆಗೆದುಕೊಂಡು ಯಾವುದನ್ನಾದರೂ ಪ್ರಕಟಿಸುವ ಪತ್ರಿಕೆಗಳಿವೆಯೆಂಬುದು ಅಧ್ಯಾಪಕರಿಗೆಲ್ಲ ತಿಳಿದ ವಿಷಯ.

ನಿಜವಾದ ಸಂಶೋಧನೆಗೆ ದೊಡ್ಡ ಪ್ರಯೋಗಶಾಲೆ ಬೇಕೆಂದಿಲ್ಲ. ಬೃಹನ್ಮುಂಬಯಿ ವಿಜ್ಞಾನ ಶಿಕ್ಷಕರ ಸಂಘವು ೧೯೮೧ರಿಂದ ನಡೆಸುತ್ತ ಬಂದಿರುವ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ನಮ್ಮ ಬಡಾವಣೆಗಳಲ್ಲಿ ಮನೆಮಾತಾಗಿದೆ. ಆರನೆಯ ಮತ್ತು ಒಂಬತ್ತನೆಯ ತರಗತಿಯವರಿಗಾಗಿ ಇರುವ ಇದರಲ್ಲಿ ಲಿಖಿತ ಪರೀಕ್ಷೆಯ ಬಳಿಕ ಪ್ರಯೋಗ, ಅನಂತರ ಮಗು ತಾನೇ ಮಾಡಿದ ಒಂದು ಸಣ್ಣ ಅಧ್ಯಯನ ಮತ್ತು ಸಂದರ್ಶನ. ಈ ಪದಕದಿಂದಲೂ ಜೆ.ಇ.ಇ. ರ್‍ಯಾಂಕ್ ಏರುವುದಿಲ್ಲ. ಆದರೆ ಅಧ್ಯಯನದ ಭಾಗವನ್ನು ಮಗು ಪ್ರಾಮಾಣಿಕವಾಗಿ ಮಾಡಿದರೆ ಅಳೆಯುವುದು, ಬರೆದಿಡುವುದು, ಕಾರಣ ಹುಡುಕುವುದು, ತಪ್ಪಾದರೆ ಮತ್ತೆ ನೋಡುವುದು ರೂಢಿಯಾಗುತ್ತದೆ.

ವಸ್ತುವಿಗೂ ಬರವಿಲ್ಲ. ಠಾಣೆ ಖಾಡಿಯ ಒಂದು ಭಾಗವನ್ನು ೨೦೧೫ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಲಾಯಿತು. ೨೦೨೨ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತೇವಭೂಮಿಗಳ ಪಟ್ಟಿಗೂ ಸೇರಿತು. ಐರೋಲಿಯ ಮಗು ಚಳಿಗಾಲದ ಪ್ರತಿ ಭಾನುವಾರ ಉಬ್ಬರ ಇಳಿತಗಳ ಹೊತ್ತು ಗುರುತಿಸಿ ಹಕ್ಕಿಗಳನ್ನು ಎಣಿಸಬಹುದು. ಕಲ್ಯಾಣದ ಮಗು ತನ್ನ ಕಟ್ಟಡದಲ್ಲಿ ಸೋರುವ ನಲ್ಲಿಗಳಿಂದ ದಿನಕ್ಕೆ ಎಷ್ಟು ನೀರು ಹೋಗುತ್ತದೆಂದು ಬಾಲ್ದಿ ಇಟ್ಟು ಅಳೆಯಬಹುದು. ಖರ್ಚು ಒಂದು ನೋಟುಪುಸ್ತಕದ್ದು. ಕ್ಲಾಸಿನವರು ಮಾಡಿಕೊಟ್ಟ ಬಣ್ಣದ ಹಲಗೆಗಿಂತ ಇದು ನೂರು ಪಾಲು ವಾಸಿ.

ಮನೆಯವರು ಮಾಡತಕ್ಕದ್ದು

ಯಾವುದೇ ಸ್ಪರ್ಧೆಗೆ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಒಂದು: ಇದನ್ನು ನಡೆಸುವವರು ಯಾರು? ಎರಡು: ಯಾವ ಕಾಲೇಜು, ಯಾವ ನಿಯಮದಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುತ್ತದೆ? ಕಾಲೇಜಿನ ಪ್ರಕಟಣೆಯಲ್ಲಿ ತೋರಿಸಲಾರದವರ ಮಾತನ್ನು ನಂಬಬೇಕಾಗಿಲ್ಲ. ಮೂರು: ಪದಕ ಬರದಿದ್ದರೂ ಮಗುವಿಗೆ ಏನು ಉಳಿಯುತ್ತದೆ? ನಿಂತುಹೋದ ಪರೀಕ್ಷೆಗಳ ಹೆಸರಿಗೂ ಮರುಳಾಗಬಾರದು. ೧೯೬೩ರಲ್ಲಿ ಮೊದಲಾದ ರಾಷ್ಟ್ರೀಯ ಪ್ರತಿಭಾಶೋಧ ಪರೀಕ್ಷೆ ೨೦೨೧ರ ನಂತರ ನಿಂತಿತು. ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ೨೦೨೨ರಲ್ಲಿ ಮುಗಿಯಿತು.

ಹಣ ಕೇಳುವ ಪರೀಕ್ಷೆಗಳ ಗದ್ದಲದಲ್ಲಿ ಹಣ ಕೊಡುವ ಪರೀಕ್ಷೆಯನ್ನು ನಾವು ಮರೆಯುತ್ತೇವೆ. ಎಂಟನೆಯ ತರಗತಿಯಲ್ಲಿ ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿಯಂತೆ, ನಾಲ್ಕು ವರ್ಷಕ್ಕೆ ೪೮,೦೦೦ ರೂಪಾಯಿ ಕೇಂದ್ರ ಸರಕಾರದಿಂದ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ೩,೫೦,೦೦೦ ರೂಪಾಯಿ ಮೀರಿರಬಾರದು. ಮಗು ಸರಕಾರಿ, ಅನುದಾನಿತ ಅಥವಾ ನಗರಪಾಲಿಕೆಯ ಶಾಲೆಯಲ್ಲಿರಬೇಕು. ಹೋಟೆಲು, ಕಾರಖಾನೆ, ಅಂಗಡಿಗಳಲ್ಲಿ ದುಡಿಯುವ ನಮ್ಮವರ ಮಕ್ಕಳಲ್ಲಿ ಇದಕ್ಕೆ ಅರ್ಹರು ಅನೇಕರಿದ್ದಾರೆ. ಶಾಲೆಯ ಮುಖ್ಯಾಧ್ಯಾಪಕರನ್ನು ಇಂದೇ ವಿಚಾರಿಸಿರಿ.

ಗಣಿತ, ವಿಜ್ಞಾನಗಳಲ್ಲಿ ನಿಜವಾದ ಆಸಕ್ತಿಯುಳ್ಳ ಮಗುವಿಗೆ ಮಾನಖುರ್ದಿನ ಕೇಂದ್ರದ ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ದೊರೆಯುತ್ತವೆ. ಗಣಿತಕ್ಕೆ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ ಮೊದಲಾದ ನಾಲ್ವರು ಸೇರಿ ಬರೆದ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಎಂಬ ಇಂಗ್ಲಿಷ್ ಪುಸ್ತಕ ಉಪಯುಕ್ತ. ವಾರಕ್ಕೆ ಎರಡು ಕಠಿಣ ಲೆಕ್ಕಗಳು ಸಾಕು. ಉತ್ತರ ನೋಡದೆ ಒಂದು ಗಂಟೆ ಕುಳಿತು ಯೋಚಿಸುವ ಅಭ್ಯಾಸ ಹತ್ತಿದ ಮಗುವಿಗೆ ಮುಂದೆ ಜೆ.ಇ.ಇ. ಬರೆಯುವಾಗಲೂ ಅದು ಒದಗುತ್ತದೆ. ಸ್ಪರ್ಧೆಗಳಿಂದ ಪ್ರವೇಶಕ್ಕೆ ಹೆಚ್ಚಿನ ಮಕ್ಕಳಿಗೆ ದೊರೆಯುವ ನೆರವು ಇಷ್ಟೇ, ಮತ್ತು ಇದು ಸಣ್ಣದಲ್ಲ. ಆದರೆ ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಹೊತ್ತು ಕಡಿಮೆ. ಆಗ ತನ್ನ ಬಾಗಿಲಿನ ಪರೀಕ್ಷೆಯನ್ನು ಬಿಟ್ಟು ಬೇರೆಯದರ ಬೆನ್ನು ಹತ್ತುವಂತೆ ಮಗುವನ್ನು ಒತ್ತಾಯಿಸಬಾರದು.

ಫೋರ್ಟಿನ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಿದ ನಮ್ಮ ಹಿರಿಯರಿಗೆ ಇಂತಹ ವಿಷಯಗಳನ್ನು ತಿಳಿಸುವವರು ಕಡಿಮೆಯಿದ್ದರು. ನಮ್ಮ ಮಕ್ಕಳಿಗೆ ಆ ಕೊರತೆ ಬರಬಾರದು. ಶಾಲೆಯಿಂದಾಗಲಿ ಕ್ಲಾಸಿನಿಂದಾಗಲಿ ಚೀಟಿ ಬಂದರೆ, ಹಣ ಕಟ್ಟುವ ಮೊದಲು ಅದನ್ನು ವಾಚನಾಲಯಕ್ಕೆ ತನ್ನಿರಿ. ನಾಲ್ಕು ಜನ ಕುಳಿತು ಓದಿ ನೋಡೋಣ.